ಕವರತ್ತಿಗೆ ಒಬ್ಬರೇ ಹೊರಡುವಾಗ: ನಾನು ಮಾಡಿಕೊಂಡ ತಯಾರಿ

ಲಕ್ಷದ್ವೀಪಕ್ಕೆ ಕೆಲಸದ ಮೇಲೆ ಹೋಗುವವರು ಮೊದಲು ಸಾಮಾನಿನ ಪಟ್ಟಿ ಬರೆಯಲು ಕೂರುತ್ತಾರೆ. ನಾನು ಮೊದಲು ನೋಡಿದ್ದು ಹಡಗಿನ ವೇಳಾಪಟ್ಟಿ. ಕವರತ್ತಿ ಕೊಚ್ಚಿಯಿಂದ 404 ಕಿಲೋಮೀಟರ್ ದೂರದ, ಸುಮಾರು 4 ಚದರ ಕಿಲೋಮೀಟರ್ ವಿಸ್ತಾರದ ಹವಳದ ದ್ವೀಪ. ತೆಂಗಿನಕಾಯಿ, ಮೀನು ಬಿಟ್ಟರೆ ಅಕ್ಕಿಯಿಂದ ಸಿಮೆಂಟಿನವರೆಗೆ ಹೆಚ್ಚುಕಡಿಮೆ ಎಲ್ಲವೂ ಸಮುದ್ರ ದಾಟಿಯೇ ಬರಬೇಕು. ಅಲ್ಲಿ ದಿನಸಿಯನ್ನು ತಿಂಗಳ ಲೆಕ್ಕದಲ್ಲಿ ಇಟ್ಟುಕೊಂಡರೆ ಮೋಸಹೋಗುತ್ತೇವೆ. ಒಂದು ಹಡಗು ತಪ್ಪಿದರೂ ಅದರ ಮುಂದಿನದು ಬರುವ ತನಕ ಸಾಲಬೇಕು, ಅಷ್ಟೇ ಅಳತೆ.

ಕಾಗದಪತ್ರದ ಕೆಲಸ ಎರಡು ತಿಂಗಳು ಮೊದಲೇ ಶುರುವಾಗಲಿ. 1967ರ ನಿಯಮದ ಪ್ರಕಾರ ದ್ವೀಪದವರಲ್ಲದ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಅದಕ್ಕೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ಕರ್ನಾಟಕದವರು ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು. ನಮ್ಮವರ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಇನಿಶಿಯಲ್‌ನಲ್ಲಿ. ಆಧಾರ್‌ನಲ್ಲಿ 'ಕೆ.' ಎಂದಷ್ಟೇ ಇದ್ದು ನೇಮಕಾತಿ ಪತ್ರದಲ್ಲಿ ಊರಿನ ಹೆಸರು ಪೂರ್ತಿ ಇದ್ದರೆ ಅವು ಎರಡು ಬೇರೆ ಹೆಸರುಗಳಾಗುತ್ತವೆ. ಎಲ್ಲ ಕಡೆಯೂ ಒಂದೇ ರೀತಿ ಮಾಡಿಸಿಕೊಂಡ ಮೇಲೆಯೇ ಅರ್ಜಿ ಹಾಕಿ. ಪರವಾನಗಿಯಲ್ಲಿ ದ್ವೀಪದ ಹೆಸರು ನಮೂದಾಗುತ್ತದೆ. ವಿಮಾನ ಇಳಿಯುವುದು ಅಗತ್ತಿ ಎಂಬ ಇನ್ನೊಂದು ದ್ವೀಪದಲ್ಲಿ. ಆ ದಾರಿಯಲ್ಲಿ ಬರುವ ಸಾಧ್ಯತೆಯಿದ್ದರೆ ಅಗತ್ತಿಯನ್ನೂ ಅರ್ಜಿಯಲ್ಲೇ ಸೇರಿಸಿ.

ಹೋಗುವ ಕಾಲವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹೋಗಿ. ಮಂಗಳೂರಿನ ಹಳೆ ಬಂದರಿನಿಂದ ದ್ವೀಪಗಳಿಗೆ ಸರಕು ಒಯ್ಯುವ ಮಂಜಿಗಳು ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಕಡಲಿಗಿಳಿಯುವುದಿಲ್ಲ. ಮೇ ತಿಂಗಳಲ್ಲಿ ಹೋದವರು ತರಕಾರಿ ಖಾಲಿಯಾಗುವ ಕಾಲಕ್ಕೆ ಸರಿಯಾಗಿ ಮನೆ ಹೂಡುತ್ತಾರೆ. ಯಾವ ಅಂಗಡಿಯಲ್ಲಿ ಏನು ಸಿಗುತ್ತದೆ ಎಂದು ತಿಳಿಯುವ ಮೊದಲೇ ಮಳೆಗಾಲ ಮೇಲೆ ಬಿದ್ದಿರುತ್ತದೆ.

ಹಣಕ್ಕೆ ಕೆನರಾ ಬ್ಯಾಂಕ್ ಖಾತೆ ಅನುಕೂಲ. ದ್ವೀಪಗಳಲ್ಲಿ ಹಿಂದಿನಿಂದ ಶಾಖೆಗಳಿದ್ದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಅದರೊಳಗೆ ಸೇರಿತು. (ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕರಾವಳಿಯ ನಂಟು ಇಂದು ನೆನ್ನೆಯದಲ್ಲ.) ಆದರೂ ಹತ್ತು ಸಾವಿರ ರೂಪಾಯಿ ನಗದು, ಅದರಲ್ಲಿ ಅರ್ಧ ನೂರರ ನೋಟು, ಕೈಯಲ್ಲಿರಲಿ. ಸಿಮ್ ಎರಡಿರಲಿ, ಒಂದು ಬಿಎಸ್‌ಎನ್‌ಎಲ್‌ದು. ಮದ್ಯ ಒಯ್ಯುವಂತಿಲ್ಲ, ಅಲ್ಲಿ ಪಾನನಿಷೇಧವಿದೆ. ಕೊಚ್ಚಿಯಲ್ಲಿ ಲಗೇಜ್ ತಪಾಸಣೆಯೂ ಇರುತ್ತದೆ.

ಲಗೇಜನ್ನು ಒಂದು ದೊಡ್ಡ ಪೆಟ್ಟಿಗೆಗೆ ತುಂಬಬೇಡಿ. ಅಲೆ ಜೋರಿದ್ದರೆ ಹಡಗು ಜೆಟ್ಟಿಗೆ ತಾಗದೆ ಹೊರಗೇ ನಿಲ್ಲುತ್ತದೆ, ಅದರ ಪಕ್ಕದ ಬಾಗಿಲಿನಿಂದ ದೋಣಿಗೆ ಇಳಿಯಬೇಕಾಗುತ್ತದೆ. ನಾನು ಒಂದೊಂದೂ 15 ಕಿಲೋ ಮೀರದ ನಾಲ್ಕು ಗಂಟು ಮಾಡಿದೆ. ಎರಡು, ಕ್ಲ್ಯಾಂಪ್ ಮುಚ್ಚಳದ ನೀಲಿ ಪ್ಲಾಸ್ಟಿಕ್ ಡ್ರಮ್. ಇನ್ನೆರಡು, ಒಳಗೆ ದಪ್ಪ ಪಾಲಿಥೀನ್ ಹಾಕಿದ ಚೀಲ. ಕಾಗದಪತ್ರ, ಫೋನು, ಔಷಧಿ ಬೆನ್ನಿಗೆ. ಎರಡೂ ಕೈ ಖಾಲಿ ಇರಲೇಬೇಕು. ದೋಣಿ ಅಲೆಯ ಮೇಲೇರಿ ಒಂದು ಕ್ಷಣ ನಿಂತಂತಾಗುತ್ತದಲ್ಲ, ಆಗಲೇ ಕಾಲಿಡಬೇಕು. ಇಳಿಯುತ್ತಿರುವ ದೋಣಿಗೆ ಹೆಜ್ಜೆ ಹಾಕಿದರೆ ಪಾದ ತಲುಪುವಷ್ಟರಲ್ಲಿ ಅದು ಎರಡು ಅಡಿ ಕೆಳಗಿರುತ್ತದೆ. ಸಿಬ್ಬಂದಿ ರಟ್ಟೆ ಹಿಡಿದು 'ಈಗ' ಅನ್ನುವ ತನಕ ಕಾಯಿರಿ.

ಇನ್ನು ನೀರು. ಇದನ್ನು ಅರ್ಥಮಾಡಿಕೊಳ್ಳದೆ ಹೋಗಬೇಡಿ. ಹವಳದ ಮರಳಿನಲ್ಲಿ ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಭರತ ಇಳಿತಕ್ಕೆ ತಕ್ಕಂತೆ ಬಾವಿಯ ನೀರೂ ಏರಿಳಿಯುತ್ತದೆ. ಪಂಪು ಹಾಕಿ ಒಮ್ಮೆಲೇ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ, ಪಕ್ಕದ ಮನೆಯ ಬಾವಿಯೂ ಕೆಡುತ್ತದೆ. ಕೊಡದಲ್ಲಿ ಅಷ್ಟಷ್ಟೇ ಸೇದುವುದು ಒಳ್ಳೆಯದು. ಕುಡಿಯಲು, ಸಮುದ್ರದ ನೀರನ್ನು ಸಿಹಿ ಮಾಡುವ ಘಟಕದಿಂದ ಬರುವ ನೀರಿದೆ; 2005ರಲ್ಲಿ ಶುರುವಾದಾಗ ಅದರ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ನಾನು ಒಯ್ದದ್ದು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಲವಣ ಎಷ್ಟೆಂದು ತೋರಿಸುವ ಪುಟ್ಟ ಸಾಧನ) ಮತ್ತು 20 ಲೀಟರಿನ ಎರಡು ಕ್ಯಾನ್. ಮೀಟರ್ 500ರೊಳಗೆ ತೋರಿಸಿದರೆ ಒಳ್ಳೆಯ ನೀರು, 2000 ದಾಟಿದರೆ ಕುಡಿಯಬಾರದು. ಮೀಟರಿಗೆ ರೋಗಾಣು ಕಾಣಿಸುವುದಿಲ್ಲ. ಶೌಚದ ಗುಂಡಿಗಳೂ ಅದೇ ಮರಳಿನಲ್ಲಿರುವುದರಿಂದ ಬಾವಿ ನೀರನ್ನು ಕುದಿಸಿಯೇ ಕುಡಿಯಬೇಕು.

ಬಾವಿಯ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಐದು ಸೀಟಿ ಕೂಗಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ನೀರಿನ ಸುಣ್ಣದ ಅಂಶ ಬೇಳೆಯನ್ನು ಬಿಗಿಹಿಡಿಯುತ್ತದೆ, ಕುಕ್ಕರಿನ ತಪ್ಪಲ್ಲ. ಬೇಳೆಗೆ ಮಳೆನೀರೋ ಘಟಕದ ನೀರೋ ಬಳಸಿ. ಇಲ್ಲವಾದರೆ ಎರಡು ಗಂಟೆ ನೆನೆಸಿ, ಚಿಟಿಕೆ ಅಡುಗೆ ಸೋಡಾ ಹಾಕಿ.

ಹಾವಿಲ್ಲ, ನಾಯಿಯಿಲ್ಲ, ಇಲಿ ಮಾತ್ರ ಬೇಕಾದಷ್ಟು. ದಿನಸಿಗೆ ಸ್ಟೀಲ್ ಡಬ್ಬವೇ ಆಗಬೇಕು. ಕಬ್ಬಿಣದ ಟ್ರಂಕು ತುಕ್ಕು ಹಿಡಿಯುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದೆ, ಚೀಲದ ಜಿಪ್ಪು ಉಪ್ಪುಗಾಳಿಗೆ ಕಚ್ಚಿಕೊಳ್ಳುತ್ತದೆ. ಜಿಪ್ಪಿಗೆ ಹೋಗುವ ಮೊದಲೇ ಮೇಣದಬತ್ತಿ ಉಜ್ಜಿ. ಹಲ್ಲಿನ ಕೆಲಸ, ಕಣ್ಣಿನ ಪರೀಕ್ಷೆ ಊರಲ್ಲೇ ಮುಗಿಸಿ. ಕವರತ್ತಿಯಲ್ಲಿ ಆಸ್ಪತ್ರೆಯಿದೆ, ಕಾಯಿಲೆ ಗಂಭೀರವಾದರೆ ಕೊಚ್ಚಿಗೇ ಕಳಿಸುತ್ತಾರೆ. ದಿನವೂ ನುಂಗುವ ಮಾತ್ರೆ ಮೂರು ತಿಂಗಳಿಗಾಗುವಷ್ಟು, ವೈದ್ಯರ ಚೀಟಿಯ ಎರಡು ಪ್ರತಿಯೊಂದಿಗೆ ಇರಲಿ.

ಅಕ್ಕಿ ಅಲ್ಲೇ ಸಿಗುತ್ತದೆ, ಹೊರಬೇಡಿ. ನಾನು ಒಯ್ದದ್ದು ತೊಗರಿಬೇಳೆ 4 ಕಿಲೋ, ಉದ್ದಿನಬೇಳೆ 2 ಕಿಲೋ, ಹುರುಳಿ 2 ಕಿಲೋ, ಹುಣಸೆ 1 ಕಿಲೋ, ಬ್ಯಾಡಗಿ ಮೆಣಸಿನಕಾಯಿ ಅರ್ಧ ಕಿಲೋ, ಬಿಡಿಸದ ಹಪ್ಪಳದ ಕಟ್ಟು ಆರು. ರವೆಯನ್ನು ಹುರಿದು ಪೂರ್ತಿ ಆರಿಸಿ ತುಂಬಿ. ಬಿಸಿಯಿರುವಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ನಿಂತು ಗಂಟು ಕಟ್ಟುತ್ತದೆ.

ತರಕಾರಿಗೆ ನಮ್ಮ ಕರಾವಳಿಯ ಹಳೆಯ ಉಪಾಯಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ: ಮಂಗಳೂರು ಸೌತೆ. ಚೆನ್ನಾಗಿ ಬಲಿತ, ತೊಟ್ಟು ಉಳಿದಿರುವ, ಉಗುರು ತಾಗಿದ ಗಾಯವೂ ಇಲ್ಲದ ಎಂಟು ಕಾಯಿ ಆರಿಸಿ. ಒಂದೊಂದನ್ನೂ ನ್ಯೂಸ್‌ಪೇಪರಿನಲ್ಲಿ ಸುತ್ತಿ ಪ್ಲಾಸ್ಟಿಕ್ ಕ್ರೇಟಿನಲ್ಲಿ ಅಲುಗದಂತೆ ಜೋಡಿಸಿ, ಏಕೆಂದರೆ ಹಡಗಿನಲ್ಲಿ ಬಿದ್ದ ಪೆಟ್ಟು ಎರಡು ವಾರ ಕಳೆದು ಕೊಳೆಯಾಗಿ ಹೊರಗೆ ಬರುತ್ತದೆ. ಮನೆ ಸೇರಿದ ದಿನವೇ ಬಾಳೆನಾರಿನಿಂದ ನಡುವಿಗೊಂದು, ಬುಡಕ್ಕೊಂದು ಸುತ್ತು ಕಟ್ಟಿ, ಬಿಸಿಲು ಬೀಳದ ಕಡೆ ಜಂತಿಗೆ ತೂಗುಹಾಕಿ. ಒಂದಕ್ಕೊಂದು ತಾಗಬಾರದು, ಗೋಡೆಗೂ ತಾಗಬಾರದು. ವಾರಕ್ಕೊಮ್ಮೆ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಾದದ್ದನ್ನು ಅಂದೇ ಹುಳಿಗೆ ಹಾಕಿ; ಗಟ್ಟಿಯಾಗಿರುವವು ತಿಂಗಳುಗಟ್ಟಲೆ ಇರುತ್ತವೆ.