ಹೆಲ್ಮೆಟ್ ಹಾಕಿದ ಗಂಧರ್ವರು

ಚಿತ್ರದುರ್ಗದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಮಧ್ಯಾಹ್ನ ಗಿರಾಕಿ ಕಡಿಮೆ, ಆಗ ಕೂತು ಕಥೆ ಬರೆಯುತ್ತೇನೆ. ಜಾಸ್ತಿ ವೈಜ್ಞಾನಿಕ ಕಥೆಗಳೇ. ಹೋದ ವರ್ಷ ಒಂದು ನೀಳ್ಗತೆಗೆ ಮೂರು ಬಗೆಯ ಏಲಿಯನ್‌ಗಳನ್ನು ಹುಟ್ಟಿಸಿದೆ. ಸಾವಿರ ವರ್ಷ ಬದುಕುವ ಎತ್ತರದ ಶಾಂತ ಜನ, ಕ್ಷುದ್ರಗ್ರಹ ಕೊರೆದು ಲೋಹ ತೆಗೆಯುವ ಗಿಡ್ಡರು, ಆಮೇಲೆ ಬರೀ ಜಗಳಗಂಟರು.

ಅಣ್ಣನ ಮಗಳಿಗೆ ಓದಲು ಕೊಟ್ಟೆ. ಪಿಯುಸಿ ಹುಡುಗಿ, ಮುಲಾಜಿಲ್ಲ.

"ಚಿಕ್ಕಪ್ಪ, ಇವರು ಹೆಲ್ಮೆಟ್ ಹಾಕ್ಕೊಂಡ ಗಂಧರ್ವರು ಅಲ್ವಾ? ಗಿಡ್ಡರು ಕುಬೇರನ ನಿಧಿ ಕಾಯೋ ಯಕ್ಷರು. ಕೊನೆಯವರು ರಾಕ್ಷಸರು. ರಾಕೆಟ್ ಒಂದೇ ಹೊಸದು."

ಸಿಟ್ಟು ಬಂತು. ರಾತ್ರಿ ಒಂದು ರಟ್ಟಿನ ಮೇಲೆ ಉದ್ದಕ್ಕೆ ಗೆರೆ ಎಳೆದೆ. ಎಡಕ್ಕೆ ಇಂಗ್ಲಿಷ್ ಲೇಖಕ ಟೋಲ್ಕಿನ್‌ನ ಮಾಯಾಲೋಕದ ಕಥೆಗಳ ದೀರ್ಘಾಯುಷಿ ಎಲ್ಫ್, ಗಣಿ ತೋಡುವ ಗಿಡ್ಡ ಡ್ವಾರ್ಫ್, ಕ್ರೂರ ಓರ್ಕ್. ಬಲಕ್ಕೆ 1966ರಲ್ಲಿ ಶುರುವಾದ ಬಾಹ್ಯಾಕಾಶದ ಟಿವಿ ಧಾರಾವಾಹಿ ಸ್ಟಾರ್ ಟ್ರೆಕ್‌ನ ಏಲಿಯನ್‌ಗಳು: ಶಾಂತ ವಲ್ಕನ್, ಜಗಳಗಂಟ ಕ್ಲಿಂಗನ್. ವಲ್ಕನ್‌ಗೆ ಚೂಪು ಕಿವಿ, ಚಿತ್ರಗಳಲ್ಲಿ ಎಲ್ಫ್‌ಗೂ ಅದೇ ಕಿವಿ. ಇಬ್ಬರಿಗೂ ನಮಗಿಂತ ಆಯುಸ್ಸು ಹೆಚ್ಚು, ಇಬ್ಬರೂ ನಮ್ಮನ್ನು ತಂಟೆಕೋರ ಮಕ್ಕಳ ಹಾಗೆ ನೋಡುತ್ತಾರೆ. 1987ರ ವಾರ್‌ಹ್ಯಾಮರ್ 40,000 ಆಟವಂತೂ ಓರ್ಕ್‌ಗಳನ್ನು ಅದೇ ಹೆಸರಿನಲ್ಲೇ ಬಾಹ್ಯಾಕಾಶಕ್ಕೆ ಕಳಿಸಿತು. ಕದ್ದುಮುಚ್ಚಿ ಏನೂ ಇಲ್ಲ, ನನಗೆ ಅದೇ ಇಷ್ಟವಾಯಿತು.

ರಟ್ಟು ತುಂಬುತ್ತಾ ಹೋಯಿತು. ಭಾಗವತದ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಹಾಡು ಮುಗಿಯಲಿ ಅಂತ ಸ್ವಲ್ಪ ಹೊತ್ತು ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತು. ಬೆಳಕಿನ ವೇಗದ ಹತ್ತಿರ ಓಡುವ ನೌಕೆಯಿಂದ ವಾಪಸ್ ಬಂದವರದ್ದೂ ಇದೇ ಗೋಳು. ಅವರಿಗೆ ವೇಗ ಹೆಚ್ಚಿದಷ್ಟೂ ಸಮಯ ನಿಧಾನ ಅನ್ನುವ ಐನ್‌ಸ್ಟೈನ್ ಲೆಕ್ಕ ಇದೆ, ಕಕುದ್ಮಿಗೆ ಅದು ಬೇಕಾಗಲಿಲ್ಲ.

ಟಿವಿಯವರಿಗೆ ಒಂದು ನೆಪವಾದರೂ ಇದೆ, ಅಲ್ಲಿ ವೇಷ ಹಾಕುವುದು ಮನುಷ್ಯನೇ. ಕ್ಲಿಂಗನ್‌ಗಳ ಉಬ್ಬುಹಣೆ ಬಂದದ್ದು 1979ರ ಸಿನಿಮಾದಲ್ಲಿ, ಅದಕ್ಕೆ ಮುಂಚೆ ಬಣ್ಣ, ಮೀಸೆ, ಹುಬ್ಬು ಅಷ್ಟೇ. ನಮ್ಮ ಬಯಲಾಟದ ರಾಕ್ಷಸನದ್ದೂ ಅದೇ ಲೆಕ್ಕ. ಆದರೆ ಕಾಗದದ ಮೇಲೆ ಬಣ್ಣದ ಖರ್ಚಿಲ್ಲ. ನನಗೇನಾಗಿತ್ತು? ಮನುಷ್ಯನ ಒಂದೊಂದು ಗುಣ ಕಿತ್ತು ಒಂದೊಂದು ಗ್ರಹಕ್ಕೆ ಹಂಚಿದ್ದೆ. ತಾಳ್ಮೆ ಇವರಿಗೆ, ಆಸೆ ಅವರಿಗೆ, ಕೋಪ ಉಳಿದವರಿಗೆ. ಹಾಗೆ ಹಂಚಿದರೆ ಹಳೆಯ ಮುಖಗಳೇ ಬರುತ್ತವೆ.

ಮೂವರನ್ನೂ ಹರಿದು ಹಾಕಿ, ಈ ಸಲ ಹೊಟ್ಟೆಯಿಂದ ಶುರು ಮಾಡಿದೆ. ಏನು ತಿನ್ನುತ್ತಾರೆ? ನಮ್ಮ ಹೊಲದ ಬದುವಿನ ಹುತ್ತ ನೆನಪಾಯಿತು. ಮಳೆ ಬಿದ್ದ ಮೇಲೆ ಅಲ್ಲಿ ಅಣಬೆ ಏಳುತ್ತದೆ. ಒಳಗೆ ಗೆದ್ದಲು ಶಿಲೀಂಧ್ರದ ತೋಟ ಮಾಡಿಕೊಂಡು, ಅದನ್ನೇ ತಿಂದು ಬದುಕುತ್ತದೆ. ಕೆಲಸದ ಗೆದ್ದಲಿಗೆ ಕಣ್ಣಿಲ್ಲ, ವಾಸನೆ ಮತ್ತು ನಡುಕದಲ್ಲೇ ಅವುಗಳ ಮಾತು. ಸರಿ, ಕಣ್ಣಿಲ್ಲದ ರೈತರ ಗ್ರಹ. ಅವರಿಗೆ ನಕ್ಷತ್ರ ಅಂದರೇನು ಅಂತಲೇ ಗೊತ್ತಿಲ್ಲ. ಅವರ ಭಾಷೆಯಲ್ಲಿ 'ಮೇಲೆ' ಅನ್ನುವ ಮಾತು ಹುಡುಕಲು ನನಗೆ ಒಂದು ವಾರ ಹಿಡಿಯಿತು. ಅಮ್ಮ ಕೇಳಿಸಿಕೊಂಡು, "ನಾಗಲೋಕದ ಕಥೆನಾ?" ಅಂದರು. ಸುಮ್ನೆ ನಕ್ಕೆ.

ಒಂದು ಭಾನುವಾರ ಕೋಟೆ ಹತ್ತಿ ಹಿಡಿಂಬೇಶ್ವರನ ಗುಡಿ ಹತ್ತಿರ ಕೂತಿದ್ದೆ. ಹಿಡಿಂಬ ಈ ಬೆಟ್ಟದಲ್ಲೇ ಇದ್ದ ಅಂತ ನಮ್ಮ ಕಡೆ ಹೇಳುತ್ತಾರೆ. ಅವನ ತಂಗಿಗೂ ಭೀಮನಿಗೂ ಹುಟ್ಟಿದವನು ಘಟೋತ್ಕಚ. ಸ್ಟಾರ್ ಟ್ರೆಕ್‌ನ ಸ್ಪಾಕ್ ಕೂಡ ಅರ್ಧ ವಲ್ಕನ್, ಅರ್ಧ ಮನುಷ್ಯ. ಟೋಲ್ಕಿನ್‌ನ ಎಲ್ರಾಂಡ್‌ಗೆ ಅರ್ಧ ಎಲ್ಫ್ ಅಂತಲೇ ಹೆಸರು. ಆದರೆ ಸ್ಪಾಕ್‌ಗೆ ಕಥೆಯ ನಡುವೆ ಜಾಗ ಸಿಕ್ಕಿತು. ಘಟೋತ್ಕಚನನ್ನು ಯುದ್ಧಕ್ಕೆ ಕರೆದರು, ಕರ್ಣನ ಶಕ್ತ್ಯಾಯುಧ ಅವನ ಮೇಲೆ ಖರ್ಚಾಯಿತು, ಕೃಷ್ಣ ಸಂತೋಷಪಟ್ಟ. ನನಗೆ ಇದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನನ್ನ ಕಥೆಗೂ ಅಂಥವನೊಬ್ಬ ಬೇಕು ಅನಿಸಿತು. ಆದರೆ ವಿಜ್ಞಾನ ಬಿಡಬೇಕಲ್ಲ! ಮಾವಿನ ಮರಕ್ಕೂ ನಮಗೂ ಎಲ್ಲೋ ದೂರದ ನಂಟಿದೆ. ಬೇರೆ ಗ್ರಹದಲ್ಲಿ ಬೇರೆಯಾಗಿಯೇ ಹುಟ್ಟಿದ ಜೀವಕ್ಕೂ ನಮಗೂ ಅಷ್ಟೂ ಇಲ್ಲ, ಇನ್ನು ಮಗು ಎಲ್ಲಿಂದ? ಪುರಾಣದಲ್ಲಿ ಹುಟ್ಟಿಸಬಹುದು, ನನಗೆ ಆಗದು. ಅದಕ್ಕೇ ಸಾಕುಮಗು ಮಾಡಿದೆ. ನೌಕೆ ಒಡೆದು ಉಳಿದ ಒಂದು ಮನುಷ್ಯ ಕೂಸು, ಹುತ್ತದವರ ಕೈಯಲ್ಲಿ.

ಹೊಸ ಕಥೆಯನ್ನು ಅಣ್ಣನ ಮಗಳಿಗೆ ಕೊಟ್ಟೆ. ಈ ಸಲ ಗಂಧರ್ವರ ಮಾತೆತ್ತಲಿಲ್ಲ.

"ಚಿಕ್ಕಪ್ಪ, ಕಣ್ಣಿಲ್ಲದವರ ಊರಲ್ಲಿ ದೀಪ ಇರಲ್ಲ. ಹಾಲೂ ಇಲ್ಲ. ಈ ಕೂಸು ಕತ್ತಲಲ್ಲಿ ಬರೀ ಅಣಬೆ ತಿಂದು ಬೆಳೆಯುತ್ತಾ?"

ಕಥೆ ಸದ್ಯಕ್ಕೆ ಅಲ್ಲೇ ನಿಂತಿದೆ.