ಅಜ್ಜಿಗೆ ಬಾರದ ಜ್ವರ

"ಸರ್, ಒಂದೇ ಮನೆ, ಒಂದೇ ಅಡುಗೆ. ಅಪ್ಪ ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದರು. ಅಜ್ಜಿಗೆ ಒಂದು ಸೀನೂ ಬರಲಿಲ್ಲ. ಏಕೆ?"

ಮೂಡಿಗೆರೆ ಕಡೆಯ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ನನಗೆ, 2021ರ ಕೋವಿಡ್ ಎರಡನೇ ಅಲೆ ಇಳಿದು ತರಗತಿ ಶುರುವಾದಾಗ ಎದುರಾದ ಪ್ರಶ್ನೆ ಇದು. ಅಂದು ಬೋರ್ಡಿನ ತುಂಬ ಡಿಎನ್‌ಎ ಬರೆದೆ. ಮಕ್ಕಳು ಬರೆದುಕೊಂಡರು, ಅಷ್ಟೆ.

ಮರುದಿನ ಪಾಠವನ್ನು ಕಾಫಿ ತೋಟದಿಂದ ಶುರುಮಾಡಿದೆ. ಎಲೆ ತುಕ್ಕು ಬಂದರೆ ಅರೇಬಿಕಾ ಬೋಳಾಗುತ್ತದೆ, ಬೇಲಿಯಾಚೆಯ ರೋಬಸ್ಟಾ ಹಸಿರಾಗಿಯೇ ನಿಂತಿರುತ್ತದೆ. ಕಾಫಿ ಮನೆಯ ಮಕ್ಕಳಿಗೆ ಇದನ್ನು ನಾನು ಹೇಳಬೇಕಾಗಿಲ್ಲ. "ತುಕ್ಕು ಶಿಲೀಂಧ್ರ ಸರ್, ವೈರಸ್ ಅಲ್ಲ" ಎಂದು ಹಿಂದಿನ ಬೆಂಚಿನವನು ತಿದ್ದಿದ. ಒಪ್ಪಿಕೊಂಡು ಎಚ್‌ಐವಿಗೆ ಬಂದೆ. ಆ ವೈರಸ್ ಬಿಳಿ ರಕ್ತಕಣದೊಳಗೆ ನುಗ್ಗಲು ಸಾಮಾನ್ಯವಾಗಿ ಸಿಸಿಆರ್5 ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಕೆಲವರಲ್ಲಿ ಆ ಪ್ರೋಟೀನಿನ ಜೀನಿನಲ್ಲಿ 32 ಡಿಎನ್‌ಎ ಅಕ್ಷರಗಳು ಬಿಟ್ಟುಹೋಗಿರುತ್ತವೆ. ತಂದೆ ತಾಯಿ ಇಬ್ಬರಿಂದಲೂ ಅಂಥ ಪ್ರತಿಯೇ ಬಂದರೆ ಬಹುಪಾಲು ಎಚ್‌ಐವಿ ತಳಿಗಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. 1996ರಲ್ಲಿ ತಿಳಿದ ಸಂಗತಿ. ಉತ್ತರ ಯುರೋಪಿನಲ್ಲಿ ಹೆಚ್ಚು, ನಮ್ಮಲ್ಲಿ ಬಲು ಅಪರೂಪ.

ಕೋವಿಡ್‌ನ ಕಥೆ ಅಷ್ಟು ನೇರವಲ್ಲ. ತೀವ್ರ ಕಾಯಿಲೆಯ ಅಪಾಯ ಹೆಚ್ಚಿಸುವ 3ನೇ ವರ್ಣತಂತುವಿನ (ಜೀನುಗಳನ್ನು ಹೊತ್ತ ಡಿಎನ್‌ಎ ಎಳೆಯ) ತುಣುಕೊಂದು ಅಳಿದುಹೋದ ಮಾನವ ಬಂಧುಗಳಾದ ನಿಯಾಂಡರ್ತಾಲರ ಬಳುವಳಿ ಎಂದು 2020ರಲ್ಲಿ ವಿಜ್ಞಾನಿಗಳಾದ ಹ್ಯೂಗೋ ಜೆಬರ್ಗ್ ಮತ್ತು ಸ್ವಾಂಟೆ ಪಾಬೊ ತೋರಿಸಿದರು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಹೊತ್ತಿದ್ದಾರೆ. ಇಷ್ಟು ಹೇಳಿದ್ದೇ ತಡ, ತರಗತಿ ತೀರ್ಪು ಕೊಟ್ಟುಬಿಟ್ಟಿತು: ಅಪ್ಪನಿಗೆ ಅದು ಇತ್ತು, ಅಜ್ಜಿಗೆ ಇರಲಿಲ್ಲ!

ತಪ್ಪು ನನ್ನದೇ. ಗಿಡದ ತಳಿ ಕೇಳಿ ತುಕ್ಕಿನ ಗತಿ ಊಹಿಸುವವರ ಮುಂದೆ ಮನುಷ್ಯರನ್ನೂ ಅದೇ ಸಾಲಿನಲ್ಲಿ ನೆಟ್ಟಿದ್ದೆ. "ಅಜ್ಜಿ ಯಾರ ತಾಯಿ?" ಎಂದು ಕೇಳಿದೆ. ಅಪ್ಪನ ತಾಯಿ. ಹಾಗಾದರೆ ಅಪ್ಪನ ಅರ್ಧ ಜೀನುಗಳು ಅವರಿಂದಲೇ ಬಂದವು. ಆ ತುಣುಕು ಅಜ್ಜಿಯದೇ ಇರಬಹುದು, ತೀರಿಹೋದ ಅಜ್ಜನದೂ ಇರಬಹುದು, ಇಲ್ಲದೆಯೂ ಇರಬಹುದು. ಹೊತ್ತವರಲ್ಲೂ ಹೆಚ್ಚಿನವರು ಗುಣವಾಗಿದ್ದಾರೆ. ಸಾಲದ್ದಕ್ಕೆ 12ನೇ ವರ್ಣತಂತುವಿನಲ್ಲಿ ಅಪಾಯ ತಗ್ಗಿಸುವ ಇನ್ನೊಂದು ತುಣುಕು ಇದೆ, ಅದೂ ನಿಯಾಂಡರ್ತಾಲರದೇ. ಕೊಟ್ಟ ಕೈಯೇ ಕಿತ್ತುಕೊಂಡಂತೆ.

ಮನೆಯ ಲೆಕ್ಕ ಬರೆದು ತಾ ಎಂದು ಆ ಹುಡುಗಿಗೆ ಹೇಳಿದೆ. ಎರಡು ದಿನ ಬಿಟ್ಟು ಅಂಕಣ ಎಳೆದ ಹಾಳೆ ತಂದಳು. ಅಜ್ಜಿ: 71 ವರ್ಷ, ಲಸಿಕೆ ಎರಡು ಡೋಸ್. ಅಪ್ಪ: 43 ವರ್ಷ, ಸಕ್ಕರೆ ಕಾಯಿಲೆ, ಲಸಿಕೆ ಇನ್ನೂ ಸಿಕ್ಕಿರಲಿಲ್ಲ. ಕೊನೆಯ ಅಂಕಣಕ್ಕೆ 'ಜೀನ್' ಎಂದು ತಲೆಬರಹ ಕೊಟ್ಟು, ಇಬ್ಬರ ಎದುರಿಗೂ ಖಾಲಿ ಬಿಟ್ಟಿದ್ದಳು.