ಚಿಂದಿ ಅರೆಯುವ ಮೆಷಿನ್: ಹಳೆಯ ಹಾಲೆಂಡರ್ ಬೀಟರ್ ಸರಿಮಾಡಿಕೊಂಡ ನನ್ನ ಅನುಭವ

ಕೈಕಾಗದ ಮಾಡುವವರು ಒಂದು ಕಡೆ ಸೇರಿದರೆ ಹಾಳೆ ಎತ್ತುವ ಅಚ್ಚಿನ ಮಾತು ಬರುತ್ತದೆ, ಬಣ್ಣದ ಮಾತು ಬರುತ್ತದೆ, ಮಳೆಗಾಲದಲ್ಲಿ ಹಾಳೆ ಒಣಗಿಸುವ ಕಷ್ಟದ ಮಾತು ಬರುತ್ತದೆ. ಪಲ್ಪ್ ಅರೆಯುವ, ಅಂದರೆ ಚಿಂದಿ ಬಟ್ಟೆಯನ್ನು ನೀರಿನಲ್ಲಿ ಅರೆದು ಕಾಗದದ ಗಂಜಿ ಮಾಡುವ ಬೀಟರ್ ಮೆಷಿನ್ ಮಾತು ಬರುವುದು ಕಮ್ಮಿ. ಆದರೆ ಹಾಳೆ ಗಟ್ಟಿಯಾಗುತ್ತೋ ಇಲ್ವೋ, ಮಡಿಸಿದ ಕಡೆ ಹರಿಯುತ್ತೋ ಇಲ್ವೋ ಅನ್ನುವುದು ಬಹುಪಾಲು ಆ ಮೆಷಿನ್ನಿನ ತೊಟ್ಟಿಯಲ್ಲೇ ತೀರ್ಮಾನವಾಗುತ್ತದೆ. ಧಾರವಾಡದ ಹತ್ತಿರ ನಮ್ಮದೊಂದು ಸಣ್ಣ ಘಟಕ ಇದೆ. ಅಲ್ಲಿನ ಹಳೆಯ ಹಾಲೆಂಡರ್ ಬೀಟರನ್ನು ಒಂದೊಂದಾಗಿ ಸರಿಮಾಡಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಕೆಲಸದಲ್ಲಿ ಇರುವವರಿಗೆ ಉಪಯೋಗವಾಗಲಿ ಅಂತ ಆಸೆ.

ಬೀಟರ್ ಅಂದ ಕೂಡಲೇ ಹೆಚ್ಚಿನವರು ಅದು ಬಟ್ಟೆಯನ್ನು ಸಣ್ಣಗೆ ಕತ್ತರಿಸುವ ಮೆಷಿನ್ ಅಂದುಕೊಳ್ಳುತ್ತಾರೆ. ಅಸಲಿ ಕೆಲಸ ಬೇರೆ. ಹತ್ತಿಯ ಎಳೆಯನ್ನು ನೀರಿನಲ್ಲಿಟ್ಟು ಜಜ್ಜಿದರೆ ಅದರ ಮೇಲಿನ ಪದರ ಬಿಚ್ಚಿಕೊಳ್ಳುತ್ತದೆ. ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಏಳುತ್ತದೆ. ಒಳಗೆ ನೀರು ಇಳಿದು ಎಳೆ ಉಬ್ಬುತ್ತದೆ, ಮೆತ್ತಗಾಗುತ್ತದೆ. ಇಂಥ ಎಳೆಗಳು ಒಂದರ ಮೇಲೊಂದು ಕೂತು ಒಣಗಿದಾಗ ತಾವಾಗಿಯೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅಂಟು ಬೇಕಾಗಿಲ್ಲ. ಬರೀ ತುಂಡಾದ ಎಳೆಗೆ ಈ ಹಿಡಿತ ಬರುವುದಿಲ್ಲ. ಮಿಕ್ಸಿಗೆ ಹಾಕಿದ ಉದ್ದಿನ ಹಿಟ್ಟಿಗೂ ಒರಳಲ್ಲಿ ರುಬ್ಬಿದ ಹಿಟ್ಟಿಗೂ ಇರುವ ವ್ಯತ್ಯಾಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೀಟರ್ ಬರುವ ಮೊದಲು ಎಲ್ಲ ಕಡೆ ಕುಟ್ಟುವುದೇ ರೂಢಿ. ನಮ್ಮ ದೇಶದಲ್ಲಿ ಕಾಗದ ಮಾಡುವ ಕಾಗಜಿಗಳು ಕಾಲಿನಿಂದ ತುಳಿಯುವ ಢೇಂಕಿಯಲ್ಲಿ ಕುಟ್ಟುತ್ತಿದ್ದರು. ಯುರೋಪಿನಲ್ಲಿ ನೀರಿನ ಚಕ್ರ ತಿರುಗಿ, ಸಾಲಾಗಿ ನಿಲ್ಲಿಸಿದ ಮರದ ಕೊಡತಿಗಳನ್ನು ಎತ್ತಿ ಎತ್ತಿ ಬೀಳಿಸುತ್ತಿತ್ತು. ಚಿಂದಿಯನ್ನು ಮೊದಲು ವಾರಗಟ್ಟಲೆ ಒದ್ದೆ ಮಾಡಿ ಕೊಳೆಯಲು ಬಿಡುತ್ತಿದ್ದರು. ಆಮೇಲೆ ಒಂದು ಗುಂಡಿಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಕುಟ್ಟುತ್ತಿದ್ದರು. ಮೊದಲ ಗುಂಡಿಯ ಕೊಡತಿಗೆ ಚೂಪು ಮೊಳೆ, ಮುಂದಿನದಕ್ಕೆ ಚಪ್ಪಟೆ ತಲೆಯ ಮೊಳೆ, ಕೊನೆಯದಕ್ಕೆ ಬರೀ ಮರ. ಚೂಪಿನಿಂದ ಶುರುವಾಗಿ ಮೊಂಡಕ್ಕೆ ಮುಗಿಯುವ ಈ ಕ್ರಮವನ್ನು ಗಮನಿಸಿ. ನನ್ನ ಬೀಟರ್ ಸರಿಹೋದದ್ದು ಇದೇ ದಾರಿಯಲ್ಲಿ.

ಹಾಲೆಂಡಿನ ಡಚ್ಚರದು ಸಮತಟ್ಟು ನೆಲ. ಅವರ ಝಾನ್ ಸೀಮೆಯಲ್ಲಿ ರಭಸದ ನೀರಿಲ್ಲ, ಇದ್ದದ್ದು ಗಾಳಿ. 17ನೇ ಶತಮಾನದ ಕೊನೆಯ ಹೊತ್ತಿಗೆ ಅವರು ಕುಟ್ಟುವುದನ್ನು ಬಿಟ್ಟು ತಿರುಗಿಸುವುದಕ್ಕೆ ಬಂದರು. ಅಂಡಾಕಾರದ ತೊಟ್ಟಿ, ನಡುವೆ ಒಂದು ಅಡ್ಡಗೋಡೆ, ಒಂದು ಬದಿಯಲ್ಲಿ ಮೈತುಂಬ ಪಟ್ಟಿ ಇರುವ ಭಾರದ ರೋಲ್, ಅದರ ಕೆಳಗೆ ಪಟ್ಟಿಗಳನ್ನೇ ಜೋಡಿಸಿದ ಬೆಡ್ ಪ್ಲೇಟ್. ರೋಲ್ ತಿರುಗಿದಾಗ ಪಲ್ಪ್ ಎರಡರ ನಡುವೆ ನುಗ್ಗಿ, ಹಿಂದಿನ ದಿಬ್ಬ ಹತ್ತಿ, ಆಚೆ ಇಳಿದು, ತೊಟ್ಟಿ ಸುತ್ತಿ ಮತ್ತೆ ರೋಲ್‌ಗೆ ಬರುತ್ತದೆ. ವೆಸ್ಟ್‌ಝಾನ್ ಊರಿನಲ್ಲಿ 1692ರ ‘ದ ಸ್ಖೋಲ್‌ಮೇಸ್ಟರ್’ ಅನ್ನುವ ಗಾಳಿಗಿರಣಿ ಈಗಲೂ ಚಿಂದಿಯಿಂದ ಕಾಗದ ಮಾಡುತ್ತಿದೆ. ಗಾಳಿಯ ಬಲದಿಂದ ನಡೆಯುವ ಕಾಗದದ ಗಿರಣಿ ಅಂತ ಜಗತ್ತಿನಲ್ಲಿ ಉಳಿದಿರುವುದು ಅದೊಂದೇ.

ಫ್ರಾನ್ಸ್ ಸರಕಾರದ ತನಿಖಾಧಿಕಾರಿಯಾಗಿದ್ದ ನಿಕೊಲಾ ಡೆಮರೆ 1768ರಲ್ಲಿ ಒಮ್ಮೆ, 1777ರಲ್ಲಿ ಇನ್ನೊಮ್ಮೆ ಹಾಲೆಂಡಿಗೆ ಹೋಗಿ ಈ ಮೆಷಿನ್ ನೋಡಿ ಬಂದ. ಅವನು ಬರೀ ಕಬ್ಬಿಣದ ನಕ್ಷೆ ಬರೆದುಕೊಂಡು ಬರಲಿಲ್ಲ. ಡಚ್ಚರು ಚಿಂದಿಯನ್ನು ಕೊಳೆಸದೆ ಹಾಕುತ್ತಾರೆ ಅನ್ನುವುದನ್ನೂ ಗಮನಿಸಿದ್ದ. ಮೆಷಿನ್ ಬದಲಾದರೆ ಅದಕ್ಕೆ ಹಾಕುವ ಮಾಲಿನ ತಯಾರಿಯೂ ಬದಲಾಗಬೇಕು ಅಂತ ಅವನಿಗೆ ಗೊತ್ತಿತ್ತು. 1780ರ ಆಸುಪಾಸಿನಲ್ಲಿ ಅನೋನೆ ಊರಿನ ಮೊಂಗೊಲ್ಫಿಯೆ ಕುಟುಂಬದ ಗಿರಣಿಗೆ ಈ ಬೀಟರ್ ಬಂತು. 1783ರಲ್ಲಿ ಬಿಸಿಗಾಳಿ ಬಲೂನು ಹಾರಿಸಿದ ಅಣ್ಣತಮ್ಮಂದಿರು ಇದೇ ಮನೆಯವರು. ನನಗೆ ಡೆಮರೆ ಮೇಲೆ ತುಂಬ ಗೌರವ ಇದೆ. ಮೆಷಿನ್ ನೋಡಬೇಕಾದ ರೀತಿ ಅದು.

ಇನ್ನು ನಮ್ಮ ಬೀಟರ್. ಮುಚ್ಚಿಹೋದ ಒಂದು ಘಟಕದಿಂದ ಕೊಂಡದ್ದು. 300 ಲೀಟರ್ ಹಿಡಿಯುವ ತೊಟ್ಟಿ, ಏಳೂವರೆ ಎಚ್‌ಪಿ ಮೋಟಾರ್. ಒಂದು ಸಲಕ್ಕೆ 12 ಕಿಲೋ ಒಣ ಚಿಂದಿ, ಅಂದರೆ ನೂರಕ್ಕೆ ನಾಲ್ಕು ಪಾಲು. ನಮ್ಮ ಚಿಂದಿ ತಿರುಪ್ಪೂರಿನ ಬನಿಯನ್ ಬಟ್ಟೆಯ ಕಟಿಂಗ್. ಬಿಳಿ ಹತ್ತಿ, ಬೇಯಿಸುವ ಗೋಜಿಲ್ಲ. ಆದರೆ ಎಲಾಸ್ಟಿಕ್ ಎಳೆ ಇರುವ ತುಂಡನ್ನು ಎಳೆದು ನೋಡಿ ಬೇರೆ ಮಾಡಲೇಬೇಕು. ಅದು ಎಷ್ಟು ಹೊತ್ತು ಅರೆದರೂ ಅರೆಯುವುದಿಲ್ಲ, ಹಾಳೆಯಲ್ಲಿ ಕೂದಲಿನ ಹಾಗೆ ಎದ್ದು ಕಾಣುತ್ತದೆ.

ಮೊದಲು ಕೈಹಾಕಿದ್ದು ತೊಟ್ಟಿಯೊಳಗೆ ಪಲ್ಪ್ ಸುತ್ತುವ ಸುತ್ತಾಟಕ್ಕೆ. ಕೆಂಪು ಬಟ್ಟೆಯ ಸಣ್ಣ ತುಣುಕುಗಳನ್ನು ರೋಲ್ ಮುಂದೆ ಹಾಕಿ ಅವು ತಿರುಗಿ ಬರುವುದನ್ನು ಕಾದು ನೋಡಿದೆ. ಕೆಲವು ಬೇಗ ಬಂದವು. ಕೆಲವು ಬರಲೇ ಇಲ್ಲ. ತೊಟ್ಟಿಯ ತುದಿಯಲ್ಲಿ, ಗೋಡೆ ಮತ್ತು ತಳ ಸೇರುವ ಮೂಲೆಯಲ್ಲಿ ಕೈಯಾಡಿಸಿದರೆ ಪಲ್ಪ್ ಗಡ್ಡೆ ಕಟ್ಟಿ ಕೂತಿತ್ತು, ಕೆಂಪು ತುಣುಕು ಅದರೊಳಗೆ. ಅಂದರೆ ತೊಟ್ಟಿಯ ಅರ್ಧ ಮಾಲು ರೋಲ್ ಕೆಳಗೆ ಮತ್ತೆ ಮತ್ತೆ ಹೋಗಿ ಪೂರ್ತಿ ಸಣ್ಣಗಾಗುವಾಗ ಇನ್ನರ್ಧ ಹಾಗೇ ಚಿಂದಿಯಾಗಿ ಉಳಿಯುತ್ತಿತ್ತು. ಮೂಲೆಗಳಿಗೆ ಬಾಗಿಸಿದ ಸ್ಟೀಲ್ ತಗಡು ಕೂರಿಸಿ ವೆಲ್ಡ್ ಮಾಡಿಸಿದೆವು. ತಳ ಈಗ ಬಾಣಲೆಯಂತೆ ದುಂಡಗಿದೆ. ರೋಲ್ ಹಿಂದಿನ ದಿಬ್ಬವನ್ನು ರೋಲ್‌ನ ಬಾಗಿಗೆ ಸರಿಯಾಗಿ ಹೊಂದುವಂತೆ ಹತ್ತಿರ ತಂದೆವು. ಅಲ್ಲಿ ಜಾಗ ಜಾಸ್ತಿ ಇದ್ದರೆ ಪಲ್ಪ್ ದಿಬ್ಬ ದಾಟುವುದಿಲ್ಲ, ರೋಲ್ ಜೊತೆಗೇ ಒಂದು ಸುತ್ತು ಹೊಡೆದು ಮುಂದೆ ಬಂದು ಬೀಳುತ್ತದೆ. ಇದರ ಜೊತೆ ಚಿಂದಿಯನ್ನು ಒಂದಿಂಚಿಗಿಂತ ಉದ್ದ ಬಿಡದೆ ಕತ್ತರಿಸಿ ಹಾಕುವ ಶಿಸ್ತು ತಂದೆವು. ಉದ್ದ ತುಂಡು ನೀರಿನಲ್ಲಿ ಸುತ್ತುತ್ತಾ ಜಡೆಗಟ್ಟುತ್ತದೆ. ಜಡೆ ಒಮ್ಮೆ ಕಟ್ಟಿದರೆ ಮೆಷಿನ್ ನಿಲ್ಲಿಸಿ ಕೈಯಿಂದಲೇ ಬಿಡಿಸಬೇಕು.

ಎರಡನೆಯದು ರೋಲ್ ಇಳಿಸುವ ವ್ಯವಸ್ಥೆ. ಇದೇ ನನ್ನ ಪ್ರಕಾರ ಇಡೀ ಮೆಷಿನ್ನಿನ ಜೀವ. ನಮ್ಮದರಲ್ಲಿ ಸ್ಕ್ರೂ ಇದ್ದದ್ದು ಒಂದೇ ಬದಿಯಲ್ಲಿ. ಹಳೆಯ ಬೀಟರುಗಳಲ್ಲಿ ಇದು ಮಾಮೂಲು. ಒಂದು ಬದಿ ಮಾತ್ರ ಎತ್ತಿ ಇಳಿಸಿದರೆ ರೋಲ್ ಓರೆಯಾಗುತ್ತದೆ. ವರ್ಷಗಳು ಕಳೆದ ಮೇಲೆ ಪಟ್ಟಿಗಳು ಒಂದು ಕಡೆ ಸವೆದು ಇನ್ನೊಂದು ಕಡೆ ಹಾಗೇ ಉಳಿಯುತ್ತವೆ. ಬೆಳಗಾವಿಯ ಉದ್ಯಮಬಾಗದಲ್ಲಿ ರೋಲ್‌ಗೆ ಲೇತ್ ಹಿಡಿಸಿ, ಬ್ಯಾಲೆನ್ಸ್ ಮಾಡಿಸಿ ತಂದೆವು. ಆಮೇಲೆ ಎರಡೂ ಬೇರಿಂಗನ್ನು ಒಂದೇ ಫ್ರೇಮಿನ ಮೇಲೆ ಕೂರಿಸಿದೆವು. ಫ್ರೇಮಿನ ಒಂದು ತುದಿಗೆ ಹಿಂಜ್, ಇನ್ನೊಂದು ತುದಿಗೆ ಎತ್ತುವ ಸ್ಕ್ರೂ ಮತ್ತು ಸನ್ನೆಕೋಲಿಗೆ ತೂಗುಹಾಕಿದ ಎದುರು ತೂಕ. ಹಿಂಜನ್ನು ಮೋಟಾರ್ ಶಾಫ್ಟ್‌ನ ಹತ್ತಿರವೇ ಇಟ್ಟದ್ದರಿಂದ ರೋಲ್ ಎತ್ತಿದರೂ ಇಳಿಸಿದರೂ ಬೆಲ್ಟಿನ ಬಿಗಿ ಬದಲಾಗುವುದಿಲ್ಲ.

ಈ ತೂಕದ ಯೋಚನೆ ಬಂದದ್ದು ಲ್ಯಾಬಿನ ವ್ಯಾಲಿ ಬೀಟರ್ ನೋಡಿ. ದೊಡ್ಡ ಮಿಲ್ಲುಗಳ ಲ್ಯಾಬಿನಲ್ಲಿ ಪಲ್ಪ್ ಪರೀಕ್ಷೆಗೆ ಇಡುವ ಪುಟ್ಟ ಹಾಲೆಂಡರ್ ಅದು. 23 ಲೀಟರ್ ನೀರಿಗೆ 360 ಗ್ರಾಂ ಒಣ ಪಲ್ಪ್. ಅದರಲ್ಲಿ ಬೆಡ್ ಪ್ಲೇಟ್ ಬೋಲ್ಟ್ ಹಾಕಿ ಬಿಗಿದದ್ದಲ್ಲ. ಸನ್ನೆಕೋಲಿಗೆ ಐದೂವರೆ ಕಿಲೋ ತೂಕ ಹಾಕಿದರೆ ಅದು ಪ್ಲೇಟನ್ನು ಕೆಳಗಿನಿಂದ ರೋಲ್‌ಗೆ ಒತ್ತುತ್ತದೆ. ಸಂದು ಇಷ್ಟೇ ಅಂತ ಗೊತ್ತುಮಾಡುವ ಬದಲು ಒತ್ತಡ ಇಷ್ಟೇ ಅಂತ ಗೊತ್ತುಮಾಡುವ ಉಪಾಯ. ನಾವು ಅದನ್ನೇ ಉಲ್ಟಾ ಮಾಡಿ ರೋಲ್ ಮೇಲಿಂದ ಒತ್ತುವಂತೆ ಮಾಡಿಕೊಂಡೆವು. ಎದುರು ತೂಕ ಜಾಸ್ತಿ ಹಾಕಿದರೆ ರೋಲ್ ಹಗುರ, ತೆಗೆದರೆ ಭಾರ.

ಇದರ ಲಾಭ ಎರಡು. ಗಂಟೊಂದು ಬಂದರೆ ರೋಲ್ ಕೊಂಚ ಎದ್ದು ಅದನ್ನು ದಾಟಿಸುತ್ತದೆ, ಸಿಕ್ಕಿಕೊಂಡು ಮೋಟಾರ್ ಟ್ರಿಪ್ ಆಗುವುದಿಲ್ಲ. ಇನ್ನೊಂದು, ಪಲ್ಪ್ ನುಣ್ಣಗಾದಂತೆ ಪಟ್ಟಿಗಳ ನಡುವೆ ಕೂರುವ ನಾರಿನ ಪದರ ತೆಳ್ಳಗಾಗುತ್ತಾ ಹೋಗುತ್ತದೆ. ಸ್ಕ್ರೂ ಮಾತ್ರ ಇದ್ದರೆ ಒಬ್ಬರು ಅಲ್ಲೇ ನಿಂತು ಚೂರುಚೂರೇ ಇಳಿಸುತ್ತಿರಬೇಕು. ತೂಕ ಇದ್ದರೆ ರೋಲ್ ತಾನೇ ಹಿಂಬಾಲಿಸುತ್ತದೆ.

ಈಗ ಪಟ್ಟಿಗಳ ವಿಷಯ. ಹಳೆಯವು ಸಾದಾ ಕಬ್ಬಿಣದ್ದು, ಬಿಳಿ ಹಾಳೆಯ ಮೇಲೆ ಚುಕ್ಕೆಚುಕ್ಕೆಯಾಗಿ ತುಕ್ಕು ಬಿಡುತ್ತಿದ್ದವು. ಹಾಳೆ ಮಾಡಿದ ದಿನ ಏನೂ ಕಾಣುವುದಿಲ್ಲ. ಒಂದು ಮಳೆಗಾಲ ಗೋದಾಮಿನಲ್ಲಿ ಕಳೆದರೆ ಕಂದು ಚುಕ್ಕೆ ಎದ್ದುಬರುತ್ತದೆ. ಹಿಂದೆ ಒಳ್ಳೆಯ ಬಿಳಿ ಕಾಗದ ಮಾಡುವ ಗಿರಣಿಗಳು ಕಂಚಿನ ಪಟ್ಟಿ ಹಾಕುತ್ತಿದ್ದದ್ದು ಇದಕ್ಕೇ. ಕಂಚು ನಮಗೆ ದುಬಾರಿ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದೆವು. ಬೆಡ್ ಪ್ಲೇಟಿನ ಪಟ್ಟಿಗಳನ್ನು ರೋಲ್ ಪಟ್ಟಿಗೆ ನೇರ ಇಡದೆ ಸ್ವಲ್ಪ ಓರೆಯಾಗಿ ಕೂರಿಸಿದೆವು. ನೇರ ಇದ್ದರೆ ಪಟ್ಟಿಯ ಉದ್ದಕ್ಕೂ ಒಂದೇ ಸಲ ಏಟು ಬೀಳುತ್ತದೆ, ಇಡೀ ಶೆಡ್ ಅದುರುತ್ತದೆ. ಓರೆ ಇದ್ದರೆ ಒಂದು ತುದಿಯಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ.

ಹೊಸ ಪಟ್ಟಿಯ ಅಂಚು ಚೂಪು. ಚೂಪಿದ್ದಷ್ಟೂ ಒಳ್ಳೆಯದು ಅಂತ ಫಿಟ್ಟರ್ ಹೇಳುತ್ತಾನೆ. ಅವನ ಕೆಲಸದ ಲೆಕ್ಕದಲ್ಲಿ ಅದು ಸರಿ. ಆದರೆ ಕಾಗದಕ್ಕೆ ಚೂಪು ಬೇಡ. ತೊಟ್ಟಿಗೆ ನೀರು ಮತ್ತು ನುಣ್ಣನೆಯ ಮರಳು ಹಾಕಿ, ರೋಲನ್ನು ಹಗುರವಾಗಿ ಇಳಿಸಿ, ಪಟ್ಟಿಗಳು ಒಂದಕ್ಕೊಂದು ಹೊಂದಿಕೊಳ್ಳುವ ತನಕ ಓಡಿಸಿದೆವು. ಆಮೇಲೆ ಬೆರಳಾಡಿಸಿದರೆ ಅಂಚು ಚುಚ್ಚುತ್ತಿರಲಿಲ್ಲ, ಉದ್ದಕ್ಕೂ ಒಂದೇ ಹೊಳಪು ಬಂದಿತ್ತು. ಹೊಳಪು ಇಲ್ಲದ ಜಾಗ ಅಂದರೆ ಅಲ್ಲಿ ಪಟ್ಟಿ ಇನ್ನೂ ತಾಗಿಲ್ಲ. ಮರಳು ಒಂದು ಕಣವೂ ಉಳಿಯದಂತೆ ತೊಳೆಯುವುದೇ ಒಂದು ದೊಡ್ಡ ಕೆಲಸ. ಅದನ್ನು ಅವಸರದಲ್ಲಿ ಮಾಡಬೇಡಿ.

ಪಲ್ಪ್ ಎಷ್ಟು ಅರೆದಿದೆ ಅಂತ ತಿಳಿಯಲು ಹಿಂದಿನವರಿಗೆ ಕೈ, ಕಣ್ಣು ಸಾಕಿತ್ತು. ನಾವೂ ಗಾಜಿನ ಲೋಟದ ನೀರಿಗೆ ಒಂದು ಚಿಟಿಕೆ ಹಾಕಿ ಬೆಳಕಿಗೆ ಹಿಡಿದು ಗಂಟು ನೋಡುತ್ತೇವೆ. ಆದರೆ ದಿನದಿಂದ ದಿನಕ್ಕೆ ಒಂದೇ ಹದ ಬೇಕಾದರೆ ಒಂದು ಅಳತೆ ಬೇಕು. ಮಿಲ್ಲುಗಳಲ್ಲಿ ಬಳಸುವ ಶಾಪರ್ ರೀಗ್ಲರ್ ಪರೀಕ್ಷೆಯಲ್ಲಿ ಒಂದು ಲೀಟರ್ ನೀರಿಗೆ 2 ಗ್ರಾಂ ಒಣ ನಾರಿನಷ್ಟು ಪಲ್ಪ್ ಕಲಸಿ, ಜಾಲರಿ ಮೇಲೆ ನೀರು ಎಷ್ಟು ಬೇಗ ಬಸಿಯುತ್ತದೆ ಅಂತ ನೋಡುತ್ತಾರೆ. ಆ ಉಪಕರಣ ನಮ್ಮ ಕೈಗೆಟುಕುವುದಲ್ಲ. ಅಷ್ಟೇ ನೀರು, ಅಷ್ಟೇ ನಾರು, ತಳಕ್ಕೆ ನಮ್ಮ ಅಚ್ಚಿನ ಜಾಲರಿಯನ್ನೇ ಬಿಗಿದ ಒಂದು ಸ್ಟೀಲ್ ಡಬ್ಬಿ, ಮತ್ತೆ ಮೊಬೈಲಿನ ಸ್ಟಾಪ್‌ವಾಚ್. ಬಸಿಯಲು ಹಿಡಿದ ಸೆಕೆಂಡನ್ನು ಗೋಡೆಯ ಬೋರ್ಡಿನ ಮೇಲೆ ಬರೆಯುತ್ತೇವೆ. ಮಿಲ್ಲಿನ ಅಂಕಿಗೆ ಇದು ತಾಳೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಮ್ಮ ನಿನ್ನೆಗೂ ಇವತ್ತಿಗೂ ತಾಳೆಯಾದರೆ ಸಾಕು.

ಹಾಳೆ ಎತ್ತುವ ನಮ್ಮ ಅಕ್ಕನಿಗೆ ಆ ಬೋರ್ಡ್ ಬೇಕಾಗಿಲ್ಲ. ಅಚ್ಚು ಎತ್ತಿದ ಕೂಡಲೇ ‘ಸರ, ಇದು ನೀರ ಬಿಡವಲ್ದು, ಭಾಳ ಅರದದ’ ಅಂತ ಹೇಳಿಬಿಡುತ್ತಾರೆ. ಹೋಗಿ ಬೋರ್ಡ್ ನೋಡಿದರೆ ಸೆಕೆಂಡು ಜಾಸ್ತಿಯೇ ಇರುತ್ತದೆ. ಅರೆದಷ್ಟೂ ಒಳ್ಳೆಯದು ಅಂತ ಅಲ್ಲ ಅಲ್ವಾ? ಒಂದು ಹಂತದವರೆಗೆ ಹಾಳೆಯ ಬಿಗಿ ಏರುತ್ತದೆ, ಬೆರಳಿನಿಂದ ಬಡಿದರೆ ಟಣ್ ಅನ್ನುತ್ತದೆ. ಅದನ್ನು ದಾಟಿದರೆ ಹರಿಯದಂತೆ ತಡೆಯುವ ಶಕ್ತಿ ಇಳಿಯುತ್ತದೆ, ಒಣಗುವಾಗ ಹಾಳೆ ಮುದುಡಿ ಅಂಚು ಸೊಟ್ಟಗಾಗುತ್ತದೆ. ಜಲವರ್ಣಕ್ಕೆ ದಪ್ಪ ಹಾಳೆ ಬೇಕಾದಾಗ ಕಮ್ಮಿ ಹೊತ್ತು ಅರೆಯುತ್ತೇವೆ. ಪತ್ರದ ತೆಳು ಹಾಳೆಗೆ ಜಾಸ್ತಿ ಹೊತ್ತು, ಆದರೆ ರೋಲ್‌ನ ಭಾರ ಇನ್ನೂ ಕಮ್ಮಿ ಮಾಡಿ.

ಈಗ ಒಂದು ಬ್ಯಾಚ್ ಹೀಗೆ ನಡೆಯುತ್ತದೆ. ರೋಲ್ ಪೂರ್ತಿ ಎತ್ತಿ, ನೀರು ತುಂಬಿ, ಮೆಷಿನ್ ಶುರು ಮಾಡಿ ಚಿಂದಿಯನ್ನು ಹಿಡಿಹಿಡಿಯಾಗಿ ಹಾಕುತ್ತೇವೆ. ಸುತ್ತಾಟ ಸರಾಗವಾದ ಮೇಲೆ ರೋಲ್ ಇಳಿಸಿ ಬಟ್ಟೆಯ ನೇಯ್ಗೆ ಬಿಡಿಸುವುದು. ಈ ಹೊತ್ತಿನಲ್ಲಿ ಭಾರ ಜಾಸ್ತಿ. ನೂಲಿನ ತುಂಡು ಕಾಣದಂತಾದ ಮೇಲೆ ಭಾರ ಕಮ್ಮಿ ಮಾಡಿ ನಿಧಾನಕ್ಕೆ ಜಜ್ಜುವುದು. ಕೊನೆಗೆ ರೋಲ್ ಎತ್ತಿ, ಬರೀ ಕಲಕಲು ಸ್ವಲ್ಪ ಹೊತ್ತು. ಕರೆಂಟ್ ಹೋದರೆ ಮೊದಲ ಕೆಲಸ ರೋಲ್ ಎತ್ತುವುದು. ಕೆಳಗಿಟ್ಟೇ ಮತ್ತೆ ಶುರು ಮಾಡಿದರೆ ಸ್ಟಾರ್ಟರ್ ಸುಟ್ಟುಹೋಗುವ ಭಯ. ಗಾಳಿ ನಂಬಿ ಬದುಕಿದ ಡಚ್ಚರಿಗೂ ಇಂಥದ್ದೇ ತಾಪತ್ರಯ ಇದ್ದಿರಬೇಕು.

ಸದ್ಯ ಸೆಣಬಿನ ನಾರು ಹಾಕಲು ಶುರು ಮಾಡಿದ್ದೇವೆ. ಅದು ಹತ್ತಿಯ ಹಾಗಲ್ಲ. ಮೊದಲು ಸುಣ್ಣದಲ್ಲಿ ಬೇಯಿಸಬೇಕು, ಆಮೇಲೆ ಸುಣ್ಣ ಪೂರ್ತಿ ಹೋಗುವವರೆಗೆ ತೊಳೆಯಬೇಕು. ಬಕೆಟ್ಟಿನಲ್ಲಿ ತೊಳೆದರೆ ನಾರು ಜೊತೆಗೇ ಹೋಗಿಬಿಡುತ್ತದೆ. ಹಳೆಯ ಗಿರಣಿಗಳಲ್ಲಿ ರೋಲ್ ಮೇಲಿನ ಮುಚ್ಚಳಕ್ಕೇ ಜಾಲರಿ ಇಟ್ಟು, ಅದಕ್ಕೆ ಎರಚುವ ಕೊಳೆ ನೀರನ್ನು ಹೊರಗೆ ಬಿಟ್ಟು, ಇನ್ನೊಂದು ಕಡೆಯಿಂದ ಹೊಸ ನೀರು ಬಿಡುತ್ತಿದ್ದರು. ನಮ್ಮ ಮೇಸ್ತ್ರಿ ಈಗ ಅಂಥದ್ದೇ ಒಂದು ಮುಚ್ಚಳ ಮಾಡುತ್ತಿದ್ದಾನೆ. ಸೊಳ್ಳೆಪರದೆಯ ಸ್ಟೀಲ್ ಜಾಲರಿಗೆ ನಾರು ಮೆತ್ತಿಕೊಳ್ಳುತ್ತಿದೆ, ಅದಕ್ಕಿಂತ ಒಂದು ಅಳತೆ ದೊಡ್ಡ ಕಣ್ಣಿನದನ್ನು ತರಿಸಿದ್ದೇವೆ.